30 ಮನೆಗೆ ಎಳ್ಳು ಬೀರುವವರಿಗೆ: ಅಚ್ಚು ಅಂಟದ ಹಾಗೆ, ಬೆಲ್ಲ ಬೆವರದ ಹಾಗೆ

ನಮಸ್ಕಾರ. ಕಳೆದ ಸಂಕ್ರಾಂತಿಗೆ ನಿಮ್ಮ ಸಕ್ಕರೆ ಅಚ್ಚು ಮರಕ್ಕೆ ಅಂಟಿಕೊಂಡು ಮುರಿದವು, ಬಂದವೂ ಹಳದಿ ಬಣ್ಣಕ್ಕೆ ತಿರುಗಿದ್ದವು, ಎಳ್ಳು ಬೆಲ್ಲ ಎರಡೇ ದಿನಕ್ಕೆ ಮೆತ್ತಗಾಯಿತು ಅಂತ ಬರೆದಿದ್ದೀರಿ. ಈ ಸಲ ಸುಮಾರು 30 ಮನೆಗೆ ಬೀರಬೇಕು, ಬೆಂಗಳೂರಿನ ಫ್ಲಾಟಿನಲ್ಲಿ ಬಿಸಿಲೂ ಕಡಿಮೆ, ಅಂಗಡಿಯಿಂದಲೇ ತಂದುಬಿಡಲಾ ಅಂತಲೂ ಕೇಳಿದ್ದೀರಿ. ದಯವಿಟ್ಟು ತರಬೇಡಿ. ಒಂದು ವಾರ ಮುಂಚೆ ಶುರು ಮಾಡಿದರೆ ಮನೆಯಲ್ಲೇ ಚೆನ್ನಾಗಿ ಆಗುತ್ತದೆ. ಅಚ್ಚು ಅಂಟಿದ್ದಕ್ಕೂ ಎಳ್ಳು ಬೆಲ್ಲ ಮೆತ್ತಗಾದದ್ದಕ್ಕೂ ಕಾರಣ ನೀರೇ. ಮರದಲ್ಲಿ ಇರಬೇಕಾದ ನೀರು ಇರಲಿಲ್ಲ, ಬೆಲ್ಲ ಕೊಬ್ಬರಿಯಲ್ಲಿ ಇರಬಾರದ ನೀರು ಇತ್ತು.

ಮೊದಲು ಅಚ್ಚಿನ ವಿಷಯ ಹೇಳುತ್ತೇನೆ, ಜಾಸ್ತಿ ಜನ ಸೋಲುವುದು ಅಲ್ಲೇ.

ಮದುವೆಯಾದ ಮೊದಲ ವರ್ಷ ನಾನೂ ಮರದ ಅಚ್ಚನ್ನು ನಲ್ಲಿ ಕೆಳಗೆ ಹಿಡಿದು ತೊಳೆದು, ಒರೆಸಿ, ಪಾಕ ಹೊಯ್ದಿದ್ದೆ. ಬಿಚ್ಚಿದಾಗ ಗಿಳಿಗಳ ಕೊಕ್ಕು, ಆನೆಗಳ ಸೊಂಡಿಲು ಎಲ್ಲ ಮರದೊಳಗೇ ಉಳಿದವು. ಅಮ್ಮ ಬಂದು ನೋಡಿ, ಅಚ್ಚುಗಳನ್ನೆಲ್ಲ ಬಕೆಟ್ ನೀರಿಗೆ ಹಾಕಿ, ತೇಲದ ಹಾಗೆ ಮೇಲೆ ಒಂದು ಗುಂಡುಕಲ್ಲು ಇಟ್ಟರು. ರಾತ್ರಿಯೆಲ್ಲ ಹಾಗೇ ಇರಲಿ ಎಂದರು. ಮರುದಿನ ಅದೇ ಅಚ್ಚಿನಿಂದ ಗಿಳಿಯ ರೆಕ್ಕೆಯ ಗೆರೆ ಕೂಡ ಸ್ಪಷ್ಟವಾಗಿ ಬಂತು. ಒಣ ಮರ ಪಾಕವನ್ನು ಹೀರಿಕೊಳ್ಳುತ್ತದೆ, ಹೀರಿಕೊಂಡ ಕಡೆ ಸಕ್ಕರೆ ಕಚ್ಚಿಕೊಳ್ಳುತ್ತದೆ. ನೀರು ಕುಡಿದು ತುಂಬಿರುವ ಮರಕ್ಕೆ ಪಾಕ ಇಳಿಯಲು ಜಾಗವೇ ಇರುವುದಿಲ್ಲ. ಹಾಗಾಗಿ ಇಡೀ ರಾತ್ರಿ ನೆನೆಸಿ. ಹೊಯ್ಯುವ ಮುಂಚೆ ನೀರು ಕೊಡವಿ, ಒಳಗೆ ನಿಂತ ಹನಿಗಳನ್ನು ಮಾತ್ರ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಎಣ್ಣೆ, ತುಪ್ಪ ಸವರಬೇಡಿ. ಹೊಸ ಅಚ್ಚಾದರೆ ಎರಡು ದಿನ ನೀರು ಬದಲಿಸುತ್ತಾ ನೆನೆಸಿ, ಮರದ ಬಣ್ಣ ಬಿಡುವುದು ನಿಲ್ಲಬೇಕು. ಮೊದಲ ಸಲದ ಅಚ್ಚುಗಳನ್ನು ಯಾರಿಗೂ ಕೊಡಬೇಡಿ.

ಇನ್ನು ಪಾಕ. ಮನೆಗೆ ಎರಡರಂತೆ 60 ಅಚ್ಚು ಬೇಕು. ಒಂದೊಂದು 15ರಿಂದ 20 ಗ್ರಾಂ ತೂಗುತ್ತದೆ. ಒಡೆಯುವುದು, ಪಾತ್ರೆಗೆ ಹಿಡಿಯುವುದು ಎಲ್ಲ ಸೇರಿ ಒಂದೂವರೆ ಕಿಲೋ ಸಕ್ಕರೆ ತೆಗೆದುಕೊಳ್ಳಿ. ಒಂದು ಕಿಲೋಗೆ ಅರ್ಧ ಲೀಟರಿನಷ್ಟು ನೀರು ಸಾಕು. ಸಕ್ಕರೆ ಕರಗಿ ಕುದಿ ಬಂದಾಗ ಮೂರು ನಾಲ್ಕು ಚಮಚ ಹಾಲು ಹಾಕಿ. ಹಾಲು ಒಡೆದು ಕೊಳೆಯನ್ನೆಲ್ಲ ಹಿಡಿದುಕೊಂಡು ಬೂದು ನೊರೆಯಾಗಿ ಮೇಲೆ ಬರುತ್ತದೆ. ಒಲೆ ಆರಿಸಿ, ಒದ್ದೆ ಮಾಡಿ ಹಿಂಡಿದ ಬಿಳಿ ಪಂಚೆ ಬಟ್ಟೆಯಲ್ಲಿ ಸೋಸಿ. ಪಾಕದ ತಳದಲ್ಲಿ ಬಿದ್ದ ಚಮಚ ಕಾಣುವಷ್ಟು ತಿಳಿಯಾಗಬೇಕು. ಆಗದಿದ್ದರೆ ಇನ್ನೊಂದು ಸಲ ಹಾಲು ಹಾಕಿ ಸೋಸಿ. ಇಲ್ಲಿ ಅವಸರ ಮಾಡಿದರೆ ಅಚ್ಚು ಬೆಳ್ಳಗಾಗುವುದಿಲ್ಲ.

ಕೆಲವರು ಕೊಳೆ ತೆಗೆಯಲು ನಿಂಬೆರಸ ಹಿಂಡುತ್ತಾರೆ. ನನಗೆ ಅದು ಇಷ್ಟವಿಲ್ಲ. ಹುಳಿ ಜಾಸ್ತಿಯಾದರೆ ಸಕ್ಕರೆ ಮತ್ತೆ ಹರಳುಗಟ್ಟುವುದಿಲ್ಲ, ಅಂಟಂಟಾಗಿ ಉಳಿಯುತ್ತದೆ. ಜಾಮೂನಿನ ಪಾಕಕ್ಕೆ ಅದು ಒಳ್ಳೆಯದು. ಅಚ್ಚಿಗೆ ನಮಗೆ ಬೇಕಾಗಿರುವುದೇ ಹರಳು, ಅಲ್ವಾ?

ಸೋಸಿದ ಪಾಕವನ್ನೆಲ್ಲ ಒಟ್ಟಿಗೆ ಕಾಯಿಸಬೇಡಿ. ನಿಮ್ಮದು ಹಳದಿಯಾಗಿದ್ದು ಇದರಿಂದಲೇ ಅನ್ನಿಸುತ್ತದೆ. ದೊಡ್ಡ ಪಾತ್ರೆಯಲ್ಲಿ ಇಟ್ಟುಕೊಂಡು ಹೊಯ್ಯುತ್ತಾ ಹೋದರೆ ಉಳಿದದ್ದು ಒಲೆಯ ಮೇಲೆ ಕಾದು ಕಾದು ಬಣ್ಣ ತಿರುಗುತ್ತದೆ. ದಪ್ಪ ತಳದ ಸಣ್ಣ ಪಾತ್ರೆಗೆ ಒಂದೇ ಸೌಟು ಪಾಕ ಹಾಕಿ ಮಧ್ಯಮ ಉರಿಯಲ್ಲಿಡಿ. ಮೊದಲು ಗುಳ್ಳೆ ದೊಡ್ಡದಾಗಿ ಪಟಪಟ ಒಡೆಯುತ್ತವೆ. ಆಮೇಲೆ ಸಣ್ಣದಾಗಿ, ದಟ್ಟವಾಗಿ, ನಿಧಾನವಾಗುತ್ತವೆ. ಪಾತ್ರೆಯ ಅಂಚಿನಲ್ಲಿ ಬೆಳ್ಳಗೆ ಹರಳು ಕಟ್ಟಲು ಶುರುವಾದ ಕೂಡಲೇ ಇಳಿಸಿ. ಸೌಟಿನ ಬೆನ್ನಿನಿಂದ ಪಾತ್ರೆಯ ಗೋಡೆಗೆ ಉಜ್ಜುತ್ತಾ ತಿರುವಿ. ತಿಳಿ ಪಾಕ ನೋಡುತ್ತಿದ್ದ ಹಾಗೇ ನೀರು ಮಜ್ಜಿಗೆಯ ಬಣ್ಣಕ್ಕೆ ಬರುತ್ತದೆ. ಅದೇ ಹೊತ್ತು, ತಡ ಮಾಡದೆ ಹೊಯ್ದುಬಿಡಿ. ಅರ್ಧ ನಿಮಿಷ ಬಿಟ್ಟರೂ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಹಾಗಾದರೆ ಹೆದರಬೇಡಿ, ಎರಡು ಚಮಚ ನೀರು ಹಾಕಿ ಮತ್ತೆ ಕಾಯಿಸಿ.

ಅಚ್ಚಿನ ಎರಡು ಹೋಳು ಸೇರಿಸಿ ರಬ್ಬರ್ ಬ್ಯಾಂಡ್ ಎರಡು ಕಡೆ ಬಿಗಿಯಾಗಿ ಹಾಕಿ, ಒದ್ದೆ ಬಟ್ಟೆಯ ಮೇಲೆ ನಿಲ್ಲಿಸಿರಬೇಕು. ಹೊಯ್ದ ಮೇಲೆ ಒಂದೆರಡು ಸಲ ಮೆಲ್ಲಗೆ ಕುಟ್ಟಿ, ಒಳಗಿನ ಗಾಳಿ ಹೊರಗೆ ಬರುತ್ತದೆ. ಹತ್ತು ನಿಮಿಷಕ್ಕೆ ಬಿಚ್ಚಬಹುದು. 15 ನಿಮಿಷವಾದರೂ ಮೆತ್ತಗಿದ್ದರೆ ಪಾಕ ಬೇಗ ಇಳಿಸಿದ್ದೀರಿ ಅಂತ ಅರ್ಥ, ವಾಪಸ್ ಪಾತ್ರೆಗೆ ಹಾಕಿ ಕಾಯಿಸಿ. ಬಂದ ಅಚ್ಚುಗಳನ್ನು ನೆರಳಲ್ಲಿ ಬಟ್ಟೆಯ ಮೇಲೆ ಒಂದು ದಿನ ಹರಡಿ, ಆಮೇಲೆ ಡಬ್ಬಿಗೆ ಹಾಕಿ. ಫ್ರಿಜ್ಜಿನಲ್ಲಿ ಬೇಡ. ಮುರಿದ ತುಂಡು ಎಸೆಯಬೇಡಿ, ಅದೂ ಮತ್ತೆ ಪಾಕವಾಗುತ್ತದೆ.

ಈಗ ಎಳ್ಳು ಬೆಲ್ಲ. ಮನೆಗೆ 100 ಗ್ರಾಂ ಅಂದರೆ 3 ಕಿಲೋ. ನಮ್ಮ ಮನೆಯ ಅಳತೆ ಹೀಗೆ: ಕೊಬ್ಬರಿ, ಬೆಲ್ಲ, ಕಡಲೆಕಾಯಿ ಬೀಜ ತಲಾ 700 ಗ್ರಾಂ, ಹುರಿಗಡಲೆ 500, ಬಿಳಿ ಎಳ್ಳು 400. ಸಿಪ್ಪೆ ಹೋಗುವುದರಿಂದ ಕೊಬ್ಬರಿ 900, ಬೀಜ 800 ತನ್ನಿ.

ಎಲ್ಲಕ್ಕಿಂತ ಜಾಸ್ತಿ ಗಮನ ಬೇಕಾಗಿರುವುದು ಬೆಲ್ಲಕ್ಕೆ. ಉಗುರು ಒತ್ತಿದರೆ ಇಳಿಯುವ ಬೆಲ್ಲ ಬೇಡವೇ ಬೇಡ. ಒಡೆದರೆ ಕಲ್ಲಿನ ಹಾಗೆ ಚೂಪು ಅಂಚು ಬರಬೇಕು. ಬರೀ ಹಳದಿ ಹೊಳಪಿಗೆ ಮರುಳಾಗಬೇಡಿ, ಬಣ್ಣ ಬಿಡಿಸಲು ಔಷಧಿ ಹಾಕಿರುವ ಬೆಲ್ಲ ತುಂಬಾ ಬರುತ್ತದೆ. ಕಡಲೆಕಾಳಿನಷ್ಟು ಸಣ್ಣಗೆ ಹೆಚ್ಚಬೇಕು. ಚಾಕುವಿಗಿಂತ ಅಡಕತ್ತರಿ ಎಷ್ಟೋ ವಾಸಿ. ಮೊದಲು ಚಪ್ಪಟೆ ಬಿಲ್ಲೆ, ಆಮೇಲೆ ಕಡ್ಡಿ, ಆಮೇಲೆ ಚೂರು. ಕೊಬ್ಬರಿಗೂ ಅಷ್ಟೇ. ತಿಪಟೂರು ಕಡೆಯ ಕೊಬ್ಬರಿ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ. ಮೇಲಿನ ಕಂದು ಸಿಪ್ಪೆ ಪೂರ್ತಿ ಹೆರೆಯಿರಿ, ಬೆಳ್ಳಗೆ ಕಾಣುವುದೇ ಚಂದ. ಹೆರೆದ ಪುಡಿ ಚಟ್ನಿಪುಡಿಗೆ ಬರುತ್ತದೆ.

ಹೆಚ್ಚಿದ ಬೆಲ್ಲಕ್ಕೆ ಒಂದು ಹಿಡಿ ಹುರಿಗಡಲೆ ಹಿಟ್ಟು ಉದುರಿಸಿ ಕೈಯಲ್ಲೇ ಆಡಿಸಿ. ಚೂರುಗಳು ಒಂದಕ್ಕೊಂದು ಅಂಟುವುದಿಲ್ಲ. ತೆಳು ಬಟ್ಟೆ ಮುಚ್ಚಿ ಎರಡು ದಿನ ಬಿಸಿಲಿಗಿಡಿ, ಸಂಜೆಗೆ ಮುಂಚೆ ಒಳಗೆ ತನ್ನಿ. ಜನವರಿಯ ಇಬ್ಬನಿ ತಾಗಿದರೆ ಬೆಲ್ಲ ರಾತ್ರಿಯೇ ಬೆವರುತ್ತದೆ. ಬಿಸಿಲಿಲ್ಲದಿದ್ದರೆ ಫ್ಯಾನಿನ ಕೆಳಗೆ ಹರಡಿ. ಕೊಬ್ಬರಿಯನ್ನು ಮಾತ್ರ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಬೆಚ್ಚಗೆ ಮಾಡಬಹುದು, ಬಣ್ಣ ತಿರುಗಬಾರದು.

ಬೀಜ ಹುರಿದು, ಸಿಪ್ಪೆ ತಿಕ್ಕಿ ಕೇರಿ, ಬೇಳೆ ಮಾಡಿ. ಎಳ್ಳು ಚಟಪಟ ಅಂದ ಕೂಡಲೇ ಇಳಿಸಿ, ಕೆಂಪಾದರೆ ಕಹಿ. ಈಗ ಸಿಪ್ಪೆ ತೆಗೆದ ಎಳ್ಳೇ ಸಿಗುತ್ತದೆ. ನಮ್ಮಜ್ಜಿ ಕಾಲದಲ್ಲಿ ನೆನೆಸಿದ ಎಳ್ಳನ್ನು ಗೋಣಿಚೀಲಕ್ಕೆ ತಿಕ್ಕಿ, ನೀರಿನಲ್ಲಿ ತೇಲಿದ ಸಿಪ್ಪೆ ಬಸಿದು ಒಣಗಿಸುತ್ತಿದ್ದರು. ಎಲ್ಲವೂ ಪೂರ್ತಿ ಆರಿದ ಮೇಲೆ ಹಬ್ಬದ ಹಿಂದಿನ ದಿನ ಬೆರೆಸಿ, ಬೆಲ್ಲ ಕೊನೆಗೆ. ಒಂದು ಬೀಜ ಬೆಚ್ಚಗಿದ್ದರೂ ಬೆಲ್ಲ ಕರಗುತ್ತದೆ. ಬಣ್ಣದ ಜೀರಿಗೆ ಪೆಪ್ಪರಮಿಂಟು ಹಾಕುವುದಾದರೆ ಪೊಟ್ಟಣ ಕಟ್ಟುವಾಗ ಮೇಲೆ ಉದುರಿಸಿ, ಮೊದಲೇ ಬೆರೆಸಿದರೆ ಕೊಬ್ಬರಿಗೆ ಬಣ್ಣ ಹತ್ತುತ್ತದೆ.

ಪೊಟ್ಟಣಕ್ಕೆ ಪ್ಲಾಸ್ಟಿಕ್ ಬಿಡೋಣ. ಹಳೇ ಪೇಪರ್ ಕೂಡ ಬೇಡ, ಮಸಿ ತಿನ್ನುವ ಪದಾರ್ಥಕ್ಕೆ ಹತ್ತುತ್ತದೆ. ಹಬ್ಬಕ್ಕೆ ಬಂದ ರವಿಕೆ ಕಣಗಳು ಎಲ್ಲರ ಮನೆಯಲ್ಲೂ ಇರುತ್ತವೆ. ಹತ್ತಿಯದು ಆರಿಸಿ. 5 ಇಂಚು ಅಗಲ, 15 ಇಂಚು ಉದ್ದ ಕತ್ತರಿಸಿ. ಎರಡೂ ತುದಿ ಒಂದೊಂದು ಇಂಚು ಮಡಚಿ ಹೊಲಿಯಿರಿ, ದಾರ ಹೋಗುವ ಕಿಂಡಿ ಅದೇ. ನಡುವೆ ಮಡಚಿ ಕಿಂಡಿಯ ಕೆಳಗಿನವರೆಗೆ ಎರಡು ಪಕ್ಕ ಹೊಲಿದು, ತಿರುವಿ, ಉಲ್ಲನ್ ದಾರ ಪೋಣಿಸಿದರೆ ಗಂಟುಚೀಲ ಸಿದ್ಧ. ಹೊಲಿಗೆ ಮಿಷನ್ ಇದ್ದರೆ 30 ಚೀಲ ಎರಡು ಸಂಜೆಯ ಕೆಲಸ. ಎಳ್ಳನ್ನು ಮೊದಲು ಬಟರ್ ಪೇಪರಿನಲ್ಲಿ ಸುತ್ತಿ ಒಳಗಿಡಿ. ಅಚ್ಚು ಬೇರೆ ಸುತ್ತಿ, ಇಲ್ಲದಿದ್ದರೆ ಪುಡಿಯಾಗುತ್ತದೆ. ಚೀಲವನ್ನು ಅವರು ಆಮೇಲೂ ಬಳಸುತ್ತಾರೆ. ನಮ್ಮ ಬೀದಿಯಲ್ಲಿ ಒಬ್ಬರು ದೇವರ ಮನೆಯಲ್ಲಿ ಚಿಲ್ಲರೆ ಹಾಕಿಡಲು ಇಟ್ಟುಕೊಂಡಿದ್ದಾರೆ, ನೋಡಿದಾಗಲೆಲ್ಲ ಖುಷಿಯಾಗುತ್ತದೆ.

ಒಂದು ವಿಷಯ ಮರೆಯಬೇಡಿ. ಸಕ್ಕರೆ ಕಾಯಿಲೆ ಇರುವ ಹಿರಿಯರ ಮನೆಗೆ ನಾನು ಬೆಲ್ಲ ಹಾಕದೆ ಎಳ್ಳು, ಬೀಜ, ಕೊಬ್ಬರಿ ಮಾತ್ರ ಕಟ್ಟಿ, ಹಸಿರು ದಾರ ಹಾಕುತ್ತೇನೆ. ಬೆಲ್ಲದ ಎರಡು ಚೂರು ಶಾಸ್ತ್ರಕ್ಕೆ ಬೇರೆ ಕೊಡುತ್ತೇನೆ. ಕಡಲೆಕಾಯಿ, ಎಳ್ಳು ಕೆಲವು ಮಕ್ಕಳಿಗೆ ಅಲರ್ಜಿ ಆಗುತ್ತದೆ. ಗೊತ್ತಿಲ್ಲದ ಮನೆಯಾದರೆ ಕೇಳಿಯೇ ಕೊಡಿ. ತೀರಾ ಚಿಕ್ಕ ಕೂಸಿನ ಕೈಗೆ ಗಟ್ಟಿ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಬಹುದು.

ಕೆಲಸ ಹಂಚುವುದು ಹೀಗಿರಲಿ: ಹಬ್ಬಕ್ಕೆ ಏಳು ದಿನ ಇರುವಾಗ ಕೊಬ್ಬರಿ ಹೆರೆದು ಹೆಚ್ಚಿ, ಆರು ದಿನ ಇರುವಾಗ ಬೆಲ್ಲ. ನಡುವಿನ ಸಂಜೆಗಳಲ್ಲಿ ಚೀಲ. ನಾಲ್ಕು ದಿನ ಇರುವಾಗ ರಾತ್ರಿ ಅಚ್ಚು ನೆನೆಹಾಕಿ ಮರುದಿನ ಹೊಯ್ಯಿರಿ. ಪಾಕ ಕಾಯಿಸುವವರು ಒಬ್ಬರು, ಬಿಚ್ಚಿ ಕಟ್ಟುವವರು ಇನ್ನೊಬ್ಬರು ಇರಬೇಕು, ಒಬ್ಬರೇ ಕೂತರೆ ಕೈ ಸಾಲದು. ಕಬ್ಬು, ಬಾಳೆಹಣ್ಣು, ಎಲಚಿ ಹಣ್ಣು, ಎಲೆ ಅಡಿಕೆ ಹಿಂದಿನ ದಿನ ತಂದರೆ ಸಾಕು.

ನಿಮ್ಮ ಮರದ ಅಚ್ಚಿನ ಒಳಭಾಗದ ಫೋಟೋ ಇಲ್ಲಿ ಹಾಕಿ. ಕೆತ್ತನೆಯಲ್ಲಿ ಹಳೇ ಸಕ್ಕರೆ ಕೂತಿದ್ದರೆ ಈಗಲೇ ಬಿಸಿನೀರಿನಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ. ಸೋಪು ಮಾತ್ರ ಬೇಡ, ಮರ ಅದರ ವಾಸನೆ ಹಿಡಿದುಕೊಳ್ಳುತ್ತದೆ.