ಗ್ರಂಥಾಲಯದಲ್ಲಿ ‘ಒಂದು ಒಳ್ಳೆಯ ಪುಸ್ತಕ ಹೇಳಿ’ ಎಂದು ಕೇಳುವುದು ತಪ್ಪೇ?

ನೀವು ಊರಿನ ಗ್ರಂಥಾಲಯಕ್ಕೆ ಹೋಗಿ ‘ಒಂದು ಒಳ್ಳೆಯ ಕಾದಂಬರಿ ಹೇಳಿ’ ಎಂದು ಕೇಳಿದಿರಿ. ಅಲ್ಲಿದ್ದವರು ತಲೆಯೆತ್ತದೆ ‘ಆ ಕಡೆ ಕಪಾಟಿನಲ್ಲಿವೆ, ನೋಡಿಕೊಳ್ಳಿ’ ಎಂದರು. ಓದುಗರಿಗೆ ಪುಸ್ತಕ ಸೂಚಿಸುವುದು ಗ್ರಂಥಪಾಲಕರ ಕೆಲಸವಲ್ಲವೇ, ಸೂಚಿಸುವುದಾದರೆ ಹೊಸದನ್ನು ಹೇಳುತ್ತಾರೋ ಹಳೆಯದನ್ನೋ ಎಂಬುದು ನಿಮ್ಮ ಪ್ರಶ್ನೆ. ತುಮಕೂರು ಸೀಮೆಯ ಒಂದು ತಾಲ್ಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯದಲ್ಲಿ ಇದೇ ಕೆಲಸ ಮಾಡುತ್ತಿರುವವಳಾಗಿ ಉತ್ತರಿಸುತ್ತಿದ್ದೇನೆ.

ಅದು ನಮ್ಮ ಕೆಲಸವೇ. ಆದರೂ ಅಲ್ಲಿದ್ದವರ ಪರವಾಗಿ ಮೊದಲು ಎರಡು ಮಾತು. ಸಣ್ಣ ಊರುಗಳ ಗ್ರಂಥಾಲಯದಲ್ಲಿ ಬೀಗ ತೆಗೆಯುವವರು, ಪತ್ರಿಕೆಗಳಿಗೆ ಮೊಹರು ಹಾಕಿ ಮೇಜಿನ ಮೇಲೆ ಜೋಡಿಸುವವರು, ಎರವಲು ಕೊಡುವವರು, ರಿಜಿಸ್ಟರ್ ಬರೆಯುವವರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ನಡುವೆ ಕುರ್ಚಿಯ ಜಗಳ ಬಿಡಿಸುವವರು ಬಹುತೇಕ ಒಬ್ಬರೇ. ನೀವು ಭಾನುವಾರ ಹೋಗಿದ್ದರೆ ಆ ಉತ್ತರ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಸೋಮವಾರ ನಮಗೆ ರಜೆ; ವಾರದ ನಡುವೆ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ ನೋಡಿ, ಅದೇ ವ್ಯಕ್ತಿ ಕುರ್ಚಿ ಎಳೆದು ಕೂರಿಸಿ ಮಾತನಾಡಿಸಬಹುದು. ಸಂಕೋಚ ಬೇಡ. ನಗರ, ಪಟ್ಟಣಗಳಲ್ಲಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ಜನರೇ ಕಟ್ಟುತ್ತಾರೆ. ಕೇಳುವ ಹಕ್ಕು ನಿಮಗಿದೆ.

ನಮ್ಮ ವೃತ್ತಿಗೆ ಸೂತ್ರ ಬರೆದುಕೊಟ್ಟ ಎಸ್.ಆರ್. ರಂಗನಾಥನ್ ಮೊದಲು ಮದ್ರಾಸಿನಲ್ಲಿ ಗಣಿತದ ಮೇಷ್ಟರಾಗಿದ್ದರು. 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಇಲ್ಲೇ ತೀರಿಕೊಂಡರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡನೆಯದು ‘ಪ್ರತಿ ಓದುಗನಿಗೂ ಅವನ ಪುಸ್ತಕ’, ಮೂರನೆಯದು ‘ಪ್ರತಿ ಪುಸ್ತಕಕ್ಕೂ ಅದರ ಓದುಗ’. ಪರೀಕ್ಷೆಗಾಗಿ ಓದುವಾಗ ಇವೆರಡೂ ಒಂದೇ ಮಾತಿನ ತಿರುವುಮುರುವು ಎಂದು ಎಲ್ಲರಿಗೂ ಅನಿಸುತ್ತದೆ. ಕೌಂಟರಿನ ಹಿಂದೆ ಕುಳಿತ ಮೇಲೆ ವ್ಯತ್ಯಾಸ ತಿಳಿಯುತ್ತದೆ. ಎರಡನೆಯ ಸೂತ್ರಕ್ಕೆ ಕಾಲಿದೆ, ಓದುಗ ತಾನೇ ನಡೆದು ಬಂದು ಕೇಳುತ್ತಾನೆ. ಮೂರನೆಯದಕ್ಕೆ ಇಲ್ಲ. ಕಪಾಟಿನ ಕೆಳಗಿನ ಸಾಲಿನಲ್ಲಿ ಕುಳಿತ ಪುಸ್ತಕ ಕೂಗಿ ಕರೆಯುವುದಿಲ್ಲ, ಅದರ ಪರವಾಗಿ ಯಾರಾದರೂ ಬಾಯಿ ಬಿಡಬೇಕು. ಹೊಸ ಪುಸ್ತಕಕ್ಕೆ ಪತ್ರಿಕೆಗಳಿವೆ, ಬಿಡುಗಡೆ ಸಮಾರಂಭವಿದೆ, ಮೊಬೈಲ್ ಇದೆ. ನಲವತ್ತು ವರ್ಷ ಹಳೆಯ ಪುಸ್ತಕಕ್ಕೆ ನಾನು ಬಿಟ್ಟರೆ ಬೇರೆ ವಕೀಲರಿಲ್ಲ. ಹಾಗಾಗಿ ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸದನ್ನು ಕೇಳಿಕೊಂಡು ಬಂದವರ ಕೈಗೆ ಹಳೆಯದನ್ನೂ ದಾಟಿಸುವುದೇ ನನ್ನ ದಂಧೆ.

ಇನ್ನು ನೀವು ಕೇಳಿದ ರೀತಿ. ‘ಒಳ್ಳೆಯ ಪುಸ್ತಕ ಕೊಡಿ’ ಎನ್ನುವುದು ಅಂಗಡಿಗೆ ಹೋಗಿ ಅಳತೆ ಹೇಳದೆ ‘ಒಳ್ಳೆಯ ಚಪ್ಪಲಿ ಕೊಡಿ’ ಎಂದಂತೆ. ಹಾಗೆ ಕೇಳಿದವರಿಗೆ ನಾನು ತಿರುಗಿ ಕೇಳುವ ಮೊದಲ ಪ್ರಶ್ನೆ, ಈಚೆಗೆ ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು ಎಂದು. ಇಷ್ಟವಾದದ್ದು ಯಾವುದೆಂದು ಕೇಳಿದರೆ ಜನ ಮರ್ಯಾದೆಗೆ ತಕ್ಕ ಹೆಸರು ಹೇಳುತ್ತಾರೆ, ಅದು ಸಾಮಾನ್ಯವಾಗಿ ಜ್ಞಾನಪೀಠ ಬಂದವರದ್ದೇ ಆಗಿರುತ್ತದೆ. ಬಿಟ್ಟ ಪುಸ್ತಕದ ವಿಷಯದಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಯಾಕೆ ಬಿಟ್ಟಿರಿ ಎಂದರೆ ‘ಪಾತ್ರಗಳು ಜಾಸ್ತಿ’, ‘ಬರೀ ಗೋಳು’, ‘ಅಕ್ಷರ ಸಣ್ಣದು’ ಎಂದು ಖಚಿತವಾದ ಕಾರಣ ಸಿಗುತ್ತದೆ. ಅಕ್ಷರ ಸಣ್ಣದು ಎಂಬುದನ್ನು ತಾತ್ಸಾರ ಮಾಡಬೇಡಿ, ಅರವತ್ತು ದಾಟಿದ ಓದುಗರಲ್ಲಿ ಅನೇಕರು ಕನ್ನಡ ಸಾಹಿತ್ಯದ ಅರ್ಧ ಭಾಗದಿಂದ ದೂರವಾಗಿರುವುದು ಇದೊಂದೇ ಕಾರಣಕ್ಕೆ. ಎರಡನೆಯದಾಗಿ, ಯಾವಾಗ ಓದುತ್ತೀರಿ ಎಂದು ಕೇಳುತ್ತೇನೆ. ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರಿಗೆ ಕಥಾಸಂಕಲನ ಒಪ್ಪುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕುಳಿತು ಓದುವವರಿಗೆ ದಪ್ಪ ಕಾದಂಬರಿಯೇ ಬೇಕು, ಅವರಿಗೆ ಕಥೆ ಬೇಗ ಮುಗಿಯಬಾರದು.

ಒಂದು ನಿದರ್ಶನ ಕೊಡುತ್ತೇನೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ, ಮುಂಚೆ ಎಂದೂ ಒಳಗೆ ಕಾಲಿಡದವರೂ ಬಂದು ‘ಆ ಬುಕರ್ ಪುಸ್ತಕ ಕೊಡಿ’ ಎಂದರು. ಪ್ರಶಸ್ತಿ ಬಂದದ್ದು ದೀಪಾ ಭಾಸ್ತಿ ಬೇರೆ ಬೇರೆ ಸಂಕಲನಗಳಿಂದ ಆಯ್ದು ಇಂಗ್ಲಿಷಿಗೆ ಅನುವಾದಿಸಿದ ಹನ್ನೆರಡು ಕಥೆಗಳಿಗೆ. ಬಂದವರಿಗೆ ಬೇಕಾದದ್ದು ಅದೇ ಹನ್ನೆರಡು, ಅದೂ ಕನ್ನಡದಲ್ಲಿ. ಅಂಥ ಪುಸ್ತಕ ನಮ್ಮಲ್ಲಿರಲಿಲ್ಲ. ಇದ್ದ ಬಾನು ಅವರ ಕಥಾಸಂಕಲನ ‘ಬೆಂಕಿ ಮಳೆ’ಯ ಒಂದು ಪ್ರತಿ ಮೊದಲ ದಿನವೇ ಹೋಯಿತು. ಉಳಿದವರನ್ನು ‘ಹೆಸರು ಬರೆಸಿ ಹೋಗಿ’ ಎಂದು ಕಳುಹಿಸಬಹುದಿತ್ತು. ಹಾಗೆ ಮಾಡದೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಕೈಗಿಟ್ಟೆ. ಕಾಸರಗೋಡಿನ ಕಡೆಯ ನಾದಿರಾ ಎಂಬ ಹೆಣ್ಣುಮಗಳ ಕಥೆ ಅದು. ತಂದೆಯ ಹಟಕ್ಕೆ ತಲಾಖ್ ಆಗಿ ಗಂಡನಿಂದ ದೂರವಾದವಳು. ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು 1980ರ ದಶಕದ ಆರಂಭದಲ್ಲಿ. ಬಾನು ಅವರೂ ಆ ಕಾಲದಲ್ಲಿ ಅದೇ ಪತ್ರಿಕೆಗೆ ವರದಿಗಾರ್ತಿಯಾಗಿದ್ದರು ಎಂದು ಹೇಳಿದರೆ ಸಾಕು, ಬಂದವರ ಮುಖದಲ್ಲಿ ಕುತೂಹಲ ಮೂಡುತ್ತದೆ. ಅದನ್ನು ಒಯ್ದ ಒಬ್ಬ ನಿವೃತ್ತ ಶಿಕ್ಷಕಿ ಮರಳಿಸುವಾಗ, ‘ನಮ್ಮ ಜಾತಿಯ ಕಥೆ ಇದಕ್ಕಿಂತ ಏನೂ ಕಡಿಮೆಯಲ್ಲ, ಯಾರೂ ಬರೆದಿಲ್ಲವೇ?’ ಎಂದರು. ಅವರಿಗೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕೊಟ್ಟೆ, 1976ರದ್ದು, ಬಾಲವಿಧವೆಯೊಬ್ಬಳು ಮಡಿಯೊಳಗೇ ಸವೆಸಿದ ಇಡೀ ಆಯುಷ್ಯದ ಕಥೆ. ಒಂದು ಪ್ರಶಸ್ತಿಯ ಸುದ್ದಿ ಅವರನ್ನು ಐವತ್ತು ವರ್ಷ ಹಿಂದಕ್ಕೆ ನಡೆಸಿತು. ಹೊಸ ಪುಸ್ತಕದಿಂದ ನಾನು ಬಯಸುವುದು ಮುಖ್ಯವಾಗಿ ಇದನ್ನೇ.

ಹಳೆಯದನ್ನು ಕೊಡುವಾಗ ಕ್ರಮ ಬಹಳ ಮುಖ್ಯ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಬೇಕೆಂದು ಎಲ್ಲರೂ ಹೇಳುತ್ತಾರೆ, ಹಾಗೆ ಹೇಳಿಸಿಕೊಂಡು ಬಂದ ಕಾಲೇಜು ಹುಡುಗರು ಮೊದಲ ನೂರು ಪುಟಗಳ ಕಾಡಿನಲ್ಲಿ ದಾರಿ ತಪ್ಪುತ್ತಾರೆ. ಊರುಗಳು, ಮನೆಗಳು, ಹೆಸರುಗಳು ಒಂದರ ಮೇಲೊಂದು ಬರುತ್ತವೆ, ನಾಯಕ ಯಾರೆಂದು ಹುಡುಕುವವರಿಗೆ ಸಿಗುವುದೇ ಇಲ್ಲ. ಅಂಥವರಿಗೆ ನಾನು ಮೊದಲು ಮಗನ ಪುಸ್ತಕ ಕೊಡುತ್ತೇನೆ. ತೇಜಸ್ವಿಯವರ ‘ಕರ್ವಾಲೊ’ ಚಿಕ್ಕದು, ನಗಿಸುತ್ತದೆ, ಹಾರುವ ಓತಿಯನ್ನು ಹುಡುಕಿಕೊಂಡು ಹೊರಟವರ ಬೆನ್ನ ಹಿಂದೆ ಓದುಗನೂ ಅದೇ ಮಲೆನಾಡಿನ ಕಾಡಿಗೆ ನುಗ್ಗುತ್ತಾನೆ. ಕಾಡಿನ ಗಿಡ, ಮಳೆ, ಜಿಗಣೆ ಅಭ್ಯಾಸವಾದ ಮೇಲೆ ತಂದೆಯ ಪುಸ್ತಕ ಕೈಗೆ ಬಂದರೆ ಅಷ್ಟು ಭಾರವೆನಿಸುವುದಿಲ್ಲ. ಎಲ್ಲರೂ ದಾಟುತ್ತಾರೆ ಎಂದೇನೂ ಇಲ್ಲ. ‘ಕರ್ವಾಲೊ’ ಓದಿ ಅಲ್ಲಿಗೇ ನಿಂತವರ ಬಗ್ಗೆಯೂ ನನಗೆ ದೂರಿಲ್ಲ.

2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡಾಗಲೂ ಹೀಗೆಯೇ ಆಯಿತು. ಎಲ್ಲರೂ ‘ಪರ್ವ’ ಕೇಳುವವರೇ. ಅವರನ್ನು ಅದುವರೆಗೆ ಓದಿಯೇ ಇರದವರಿಗೆ ನಾನು ಎತ್ತಿಕೊಟ್ಟದ್ದು ‘ಗೃಹಭಂಗ’. ಪ್ಲೇಗಿನ ಕಾಲದ ನಮ್ಮ ತಿಪಟೂರು, ಚನ್ನರಾಯಪಟ್ಟಣದ ಸೀಮೆಯ ಬದುಕು ಅದರಲ್ಲಿದೆ. ಆ ನಂಜಮ್ಮನ ಮಾತು ನಮ್ಮ ಓದುಗರ ಅಜ್ಜಿಯರ ಮಾತೇ ಆದ್ದರಿಂದ ನಾನು ಶಿಫಾರಸು ಮಾಡುವ ಅಗತ್ಯವೇ ಬೀಳಲಿಲ್ಲ. ಧಾರವಾಡದಲ್ಲಿ ಕುಳಿತಿದ್ದರೆ ಬೇರೆ ಹೆಸರು ಹೇಳುತ್ತಿದ್ದೆನೇನೋ.

ಬಾಯಿ ಬಿಡದೆ ಮಾಡುವ ಶಿಫಾರಸೂ ಇದೆ, ನನ್ನ ಅನುಭವದಲ್ಲಿ ಹೆಚ್ಚು ಫಲ ಕೊಡುವುದು ಅದೇ. ಓದುಗರು ಮರಳಿಸಿದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವ ಮುನ್ನ ಒಂದು ಮೇಜಿನ ಮೇಲೆ ರಾಶಿ ಹಾಕಿರುತ್ತೇವೆ. ಎದುರಿಗೆ ಸಾವಿರಾರು ಪುಸ್ತಕಗಳು ನೀಟಾಗಿ ನಿಂತಿದ್ದರೂ ಜನ ಮೊದಲು ಕೈಹಾಕುವುದು ಆ ರಾಶಿಗೆ. ಬೇರೆ ಯಾರೋ ಓದಿ ತಂದದ್ದು ಎಂಬ ನಂಬಿಕೆ. ಇದು ಗೊತ್ತಿರುವುದರಿಂದ ನಾನು ಬೆಳಿಗ್ಗೆ ಹಿಂಬದಿಯ ಕಪಾಟುಗಳ ಕಡೆ ಒಂದು ಸುತ್ತು ಹೋಗುತ್ತೇನೆ. ಪುಸ್ತಕದ ಕೊನೆಯಲ್ಲಿ ಅಂಟಿಸಿದ ದಿನಾಂಕದ ಚೀಟಿ ತೆರೆದು, ಎಷ್ಟೋ ವರ್ಷಗಳಿಂದ ಮುದ್ರೆಯೇ ಬೀಳದ ಒಂದೆರಡನ್ನು ಆರಿಸಿ, ಧೂಳು ಒರೆಸಿ, ಆ ರಾಶಿಯ ನಡುವೆ ಸಿಕ್ಕಿಸುತ್ತೇನೆ. ಅವನ್ನು ಯಾರೂ ಮರಳಿಸಿರುವುದಿಲ್ಲ. ಇದನ್ನು ಮೋಸ ಎನ್ನುವವರು ಎನ್ನಲಿ, ಸಂಜೆಯೊಳಗೆ ಅವುಗಳಲ್ಲಿ ಒಂದಾದರೂ ಹೋಗಿರುತ್ತದೆ.

ಇನ್ನು ಕೆಲವು ಪುಸ್ತಕಗಳನ್ನು ಕೇಳಲು ಜನರಿಗೆ ಬಾಯಿ ಬರುವುದಿಲ್ಲ. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂತು. ಸಲಿಂಗಿ ತರುಣನೊಬ್ಬನ ಕಥೆಗಳಿರುವ ಆ ಸಂಕಲನವನ್ನು ಸಣ್ಣ ಊರಿನಲ್ಲಿ, ತಂದೆಯ ಪರಿಚಯದವರು ಪತ್ರಿಕೆ ಓದುತ್ತ ಕುಳಿತಿರುವಾಗ, ಹೆಸರು ಹೇಳಿ ಕೇಳುವ ಹುಡುಗನನ್ನು ನಾನು ಕಂಡಿಲ್ಲ. ಅದನ್ನು ಮೂಲೆಗೆ ತಳ್ಳದೆ ಉಳಿದ ಕಥಾಸಂಕಲನಗಳ ಜೊತೆಗೆ ಕಣ್ಣಿನ ಎತ್ತರದ ಸಾಲಿನಲ್ಲಿ ಇಡುವುದು, ತಂದು ಕೌಂಟರಿನ ಮೇಲಿಟ್ಟಾಗ ಬೇರೆ ಯಾವುದೇ ಪುಸ್ತಕದಂತೆ ಮುದ್ರೆ ಒತ್ತಿ ಕೊಡುವುದು, ಇಷ್ಟೇ ನನ್ನ ಸೂಚನೆ. ಖಿನ್ನತೆ, ವಿಚ್ಛೇದನ, ಕಾಯಿಲೆಯ ಕುರಿತ ಪುಸ್ತಕಗಳದ್ದೂ ಇದೇ ಕಥೆ. ಯಾರು ಏನು ಓದಿದರು ಎಂದು ನಾನು ಇನ್ನೊಬ್ಬರಿಗೆ ಹೇಳುವುದಿಲ್ಲ, ಅವರ ಮನೆಯವರೇ ಬಂದು ಕೇಳಿದರೂ.

ಮಕ್ಕಳ ವಿಷಯ ಬೇಗ ಮುಗಿಸುತ್ತೇನೆ. ತಾಯಿ ‘ನೀತಿ ಇರುವ ಪುಸ್ತಕ ಕೊಡಿ’ ಎನ್ನುತ್ತಾರೆ, ಮಗು ಹಲ್ಲಿಯ ಚಿತ್ರವಿರುವ ಪುಸ್ತಕ ಹಿಡಿದು ನಿಂತಿರುತ್ತದೆ. ನಾನು ಮಗುವಿನ ಪಕ್ಷ.

ನಿಜಕ್ಕೂ ಹೊಸದೇ ಬೇಕಾದವರು ಒಂದು ಮಾತು ತಿಳಿದಿರಲಿ. ನಮ್ಮ ಸಾರ್ವಜನಿಕ ಗ್ರಂಥಾಲಯಗಳಿಗೆ ಬರುವ ಕನ್ನಡ ಪುಸ್ತಕಗಳ ದೊಡ್ಡ ಪಾಲು ಸಗಟು ಖರೀದಿಯಲ್ಲಿ ಬರುತ್ತದೆ. ಪ್ರಕಾಶಕರು ಸಲ್ಲಿಸಿ, ಆಯ್ಕೆ ಸಮಿತಿ ನೋಡಿ, ಪಟ್ಟಿಯಾಗಿ, ಪುಸ್ತಕ ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಅಂಗಡಿಯ ಮಟ್ಟಿಗೆ ಅದು ಹಳೆಯದಾಗಿರುತ್ತದೆ. ಹಾಗಾಗಿ ‘ಹೊಸ ಸೇರ್ಪಡೆ’ ಎಂಬ ಫಲಕದ ಕೆಳಗೆ ನಿಂತು ಕಳೆದ ತಿಂಗಳು ಬಿಡುಗಡೆಯಾದದ್ದನ್ನು ಹುಡುಕಬೇಡಿ. ಅದರ ಬದಲು ಸಲಹಾ ಪುಸ್ತಕದಲ್ಲಿ ಹೆಸರು, ಲೇಖಕ, ಪ್ರಕಾಶನ ಮೂರನ್ನೂ ಸ್ಪಷ್ಟವಾಗಿ ಬರೆದು ಸಹಿ ಮಾಡಿ. ‘ಒಳ್ಳೊಳ್ಳೆಯ ಪುಸ್ತಕ ತರಿಸಿ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಒಂದೇ ಪುಸ್ತಕವನ್ನು ನಾಲ್ಕಾರು ಮಂದಿ ಬರೆದಿದ್ದರೆ ಸ್ಥಳೀಯವಾಗಿ ಕೊಳ್ಳುವಾಗ ಪಟ್ಟಿಗೆ ಸೇರಿಸಲು ನಮಗೊಂದು ಆಧಾರ ಸಿಗುತ್ತದೆ.

ಈಗ ನಿಮ್ಮ ಮಟ್ಟಿಗೆ. ಮುಂದಿನ ಸಲ ಹೋದಾಗ, ಬಿಟ್ಟ ಒಂದು ಪುಸ್ತಕದ ಹೆಸರು, ನಿಲ್ಲಿಸಿದ ಪುಟ, ಮೆಚ್ಚಿದ ಒಂದು ಸಿನಿಮಾ, ಇಷ್ಟು ಹೇಳಿ. ಸಿನಿಮಾ ಏಕೆಂದರೆ, ಪುಸ್ತಕಗಳ ಬಗ್ಗೆ ಮಾತನಾಡಲು ಹಿಂಜರಿಯುವವರೂ ಸಿನಿಮಾದ ಬಗ್ಗೆ ಧಾರಾಳವಾಗಿ ಮಾತನಾಡುತ್ತಾರೆ, ಅದರಿಂದಲೇ ಅವರ ರುಚಿ ತಿಳಿಯುತ್ತದೆ. ಪತ್ತೇದಾರಿ ಇಷ್ಟವಿದ್ದರೆ ನಾಚದೆ ಹೇಳಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿಯೇ ಒಂದು ತಲೆಮಾರು ಓದುವ ಚಟ ಹತ್ತಿಸಿಕೊಂಡಿತು. ಅವರ ಪುಸ್ತಕಗಳು ಕಪಾಟಿನಲ್ಲಿ ಸಿಗದಿದ್ದರೆ ಅದಕ್ಕೆ ಕಾರಣ ಓದಿ ಓದಿ ಹರಿದುಹೋಗಿರುವುದು. ಕಾರ್ಡಿನಲ್ಲಿ ಎರಡು ಪುಸ್ತಕಕ್ಕೆ ಅವಕಾಶವಿದ್ದರೆ ಒಂದನ್ನು ನೀವು ಆರಿಸಿ, ಇನ್ನೊಂದನ್ನು ಗ್ರಂಥಪಾಲಕರಿಗೆ ಬಿಡಿ. ಅವರು ಕೊಟ್ಟದ್ದು ಹಿಡಿಸದಿದ್ದರೆ ಮರಳಿಸುವಾಗ ಹಾಗೆಂದು ಹೇಳಿಯೇ ಕೊಡಿ, ‘ಚೆನ್ನಾಗಿತ್ತು’ ಎಂಬ ಸೌಜನ್ಯದ ಸುಳ್ಳಿನಿಂದ ಎರಡನೆಯ ಸೂಚನೆಯೂ ಹಾಳಾಗುತ್ತದೆ. ಕೇಳಿದ ಹಳೆಯ ಪುಸ್ತಕ ಅಲ್ಲಿ ಇಲ್ಲದಿದ್ದರೆ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಿ. ಮುದ್ರಣದಲ್ಲೇ ಇಲ್ಲದ ಎಷ್ಟೋ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಲೇಖಕರ ಹೆಸರನ್ನು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರಗಳಲ್ಲಿ ಒಮ್ಮೆ ಹುಡುಕಿ, ಎರಡರಲ್ಲೂ ಬೇರೆ ಬೇರೆ ಫಲಿತಾಂಶ ಬರುವುದುಂಟು.