ನೇಪಾಳದ ಮಂಥಲಿಯಿಂದ ಎವರೆಸ್ಟ್ ಚಾರಣ ಶುರುವಾಗುವ ಲುಕ್ಲಾಕ್ಕೆ ಎಷ್ಟು ದೂರ, ಎಷ್ಟು ಹೊತ್ತು?

ನೇರ ಗೆರೆ ಎಳೆದರೆ ಸುಮಾರು 75 ಕಿ.ಮೀ. ಚಿಕ್ಕ ವಿಮಾನಗಳಾದ ಟ್ವಿನ್ ಆಟರ್ ಅಥವಾ ಡಾರ್ನಿಯರ್‌ನಲ್ಲಿ 15ರಿಂದ 20 ನಿಮಿಷ, ಅಷ್ಟೇ. ಆದರೆ ವಿಮಾನವಿರುವ ದಿನವೇ ಬೆಳಿಗ್ಗೆ ಎದ್ದು ಕಠ್ಮಂಡುವಿನಿಂದ ಹೊರಟರೆ ಆಗೋದಿಲ್ಲ. ಮಂಥಲಿಗೇ ರಸ್ತೆಯಲ್ಲಿ 130 ಕಿ.ಮೀ. ಆಸುಪಾಸು, ತಿರುವಿನ ದಾರಿ, ನಾಲ್ಕೈದು ಗಂಟೆ ಬೇಕು. ರಾತ್ರಿ ಒಂದೂವರೆ-ಎರಡಕ್ಕೇ ಜೀಪು ಹತ್ತಿ, ಇಲ್ಲವೇ ಹಿಂದಿನ ದಿನವೇ ಹೋಗಿ ಮಲಗಿ.

ಬೆಳಗಿನ ಮೊದಲ ಸರದಿಯ ಟಿಕೆಟ್ಟನ್ನೇ ಹಿಡಿಯಿರಿ. ಲುಕ್ಲಾ ರನ್‌ವೇ ಬರೀ 527 ಮೀಟರ್, ಅದೂ ಏರು, ತುದಿಯಲ್ಲಿ ಗುಡ್ಡ. ಇಳಿಯಲು ಹೊರಟ ಮೇಲೆ ಮತ್ತೆ ಮೇಲೇಳಲು ಜಾಗವಿಲ್ಲ. ಹೊತ್ತೇರಿದಂತೆ ಗಾಳಿ, ಮೋಡ ಬಂದರೆ ಹಾರಾಟ ರದ್ದು. ವಾಪಸ್ ಬರುವಾಗ ಎರಡು ದಿನ ಕೈಯಲ್ಲಿರಲಿ. ಬೆಂಗಳೂರು ಟಿಕೆಟ್ಟನ್ನು ಮರುದಿನಕ್ಕೇ ಮಾಡಿಸಬೇಡಿ.