ಪ್ರತಿಕ್ರಿಯೆ: 32ನೇ ವಾರದಿಂದಲೇ ಎನ್‌ಎಸ್‌ಟಿ ಬೇಕೇ?
ಈ ಬಸಿರಲ್ಲಿ 32ನೇ ವಾರದಿಂದಲೇ ಎನ್‌ಎಸ್‌ಟಿ (ಹೊಟ್ಟೆಯಲ್ಲಿರುವ ಮಗುವಿನ ಎದೆಬಡಿತವನ್ನು ಯಂತ್ರದಲ್ಲಿ ದಾಖಲಿಸಿ ನೋಡುವ ಪರೀಕ್ಷೆ) ಮಾಡಿಸಬೇಕೇ ಎಂದು ಕೇಳಿದ್ದೀರಿ. ನಿಮ್ಮ ಹಿಂದಿನ ಮಗು 36ನೇ ವಾರದಲ್ಲಿ ಹೊಟ್ಟೆಯಲ್ಲೇ ತೀರಿಹೋದದ್ದಕ್ಕೇ ವೈದ್ಯರು ವಾರಕ್ಕೆರಡು ಎನ್‌ಎಸ್‌ಟಿ ಹೇಳಿರಬೇಕು. ಈ ಮಗುವಿಗೆ ಏನೋ ಆಗಿದೆಯೆಂದು ಅರ್ಥವಲ್ಲ. ಮಾಡಿಸಿಕೊಳ್ಳಿ.

ಅದಕ್ಕೂ ಮೊದಲು ಹಿಂದಿನ ಹೆರಿಗೆಯ ಪ್ಲಸೆಂಟಾ (ಮಾಸು) ಪರೀಕ್ಷೆಯ ವರದಿಯನ್ನು ವೈದ್ಯರಿಗೆ ತೋರಿಸಿ. ಆಗಿನ ಮಗುವಿನ ಬೆಳವಣಿಗೆ ಕುಂಠಿತವಾಗಿದ್ದರೆ ಮೂರ್ನಾಲ್ಕು ವಾರಕ್ಕೊಮ್ಮೆ ಬೆಳವಣಿಗೆಯ ಸ್ಕ್ಯಾನ್ ತೀರಾ ಮುಖ್ಯ, ಈ ಮಗುವಿನ ತೂಕ ಕಡಿಮೆ ಕಂಡರೆ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಕೂಡ. ಎನ್‌ಎಸ್‌ಟಿ ಆ ಹೊತ್ತಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ಮಗು ನಿದ್ದೆಯಲ್ಲಿದ್ದರೂ ಅದು ಸರಿಬರದೆ ಹೋಗಬಹುದು, ಗಾಬರಿಯಾಗಬೇಡಿ. 40 ನಿಮಿಷದವರೆಗೆ ನೋಡುತ್ತಾರೆ. ಆಮೇಲೂ ಅನುಮಾನವಿದ್ದರೆ ಬಯೋಫಿಸಿಕಲ್ ಪ್ರೊಫೈಲ್ (ಮಗುವಿನ ಚಲನೆ, ಉಸಿರಾಟದ ಚಲನೆ, ಸುತ್ತಲಿನ ನೀರು ಇತ್ಯಾದಿ ನೋಡುವ ಸ್ಕ್ಯಾನ್) ಕೇಳಿ. ಎದೆಬಡಿತ ಮತ್ತೆಮತ್ತೆ ಕುಸಿಯುತ್ತಿದ್ದರೆ ಮಾತ್ರ ಕಾಯುವಂತಿಲ್ಲ.

ಹೆರಿಗೆ ಯಾವ ವಾರಕ್ಕೆಂದು ಈಗಲೇ ಮಾತಾಡಿಕೊಳ್ಳಿ. ಮಿಸುಕಾಟ ಕಡಿಮೆಯೆನಿಸಿದರೆ, ನಿನ್ನೆಯ ಎನ್‌ಎಸ್‌ಟಿ ಚೆನ್ನಾಗಿದ್ದರೂ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.